ರಾಹುಕಾಲದಲ್ಲಿ ‘ಸದಾಚಾರ ವಾಣಿ’

ಗಾಳಿಗೂ ಬೇಲಿ ಹಾಕಿ ಆಳುತ್ತಿದ್ದ ಕಾಲವನ್ನು ಮೊದಲು ನೆನೆದು, ಆ ಬೇಲಿಯ ಕಾವಲುಗಾರನನ್ನು ಆಮೇಲೆ ಕೊಂಡಾಡುವೆ, ಕಿವಿಗೊಡಿ! ಹಿರೇಕೊಪ್ಪದ ಎಣ್ಣೆಗಿರಣಿಯ ಮಾಳಿಗೆಯಿಂದ ಐದು ಮೈಲಿ ಆಕಾಶವನ್ನು ಹನ್ನೆರಡು ಸಂವತ್ಸರ ಏಕಚ್ಛತ್ರದಡಿ ಆಳಿದ ಬಾನುಲಿ ‘ಸದಾಚಾರ ವಾಣಿ’. ಅದರ ಅಧಿಪತಿ ಜೀನ್ಸ್‌ಪ್ಯಾಂಟುಮರ್ದನ, ಪ್ರೇಮವಿವಾಹವಿಧ್ವಂಸಕ, ನಿವೃತ್ತ ಹೆಡ್ಮಾಸ್ತರ ಅಡಿವೆಪ್ಪನವರು. ಮೊದಲ ವರ್ಷ ಹುಡುಗಿಯರ ಉಡುಪಿನ ಮೇಲೆ ದಂಡೆತ್ತಿದರು. ಮೂರನೆಯ ವರ್ಷ ಶಾಲೆಯ ಬಿಸಿಯೂಟದ ಮೊಟ್ಟೆಯ ಮೇಲೆ ಏರಿಹೋದರು. ಮೊಟ್ಟೆ ಉಳಿಯಿತು, ಮಾಸ್ತರರ ಗಂಟಲು ಹೋಯಿತು. ಆದರೂ ಎರಡು ಶಾಸನ ಅಲುಗಲಿಲ್ಲ: ಮೈಕಿನ ಮುಂದೆ ಹೆಣ್ಣುದನಿ ಸಲ್ಲದು, ರಾಹುಕಾಲದಲ್ಲಿ ಯಾರೂ ಗುಂಡಿ ಮುಟ್ಟಕೂಡದು. ಆ ಒಂದೂವರೆ ತಾಸು ತಂಬೂರಿಯ ಧ್ವನಿಮುದ್ರಿಕೆ ತಾನಾಗಿ ಮೊಳಗುತ್ತಿತ್ತು, ಸದಾಚಾರಿಗಳು ಹೊಸ್ತಿಲೂ ದಾಟದೆ ಆಚೆಯೇ ಚಹಾ ಕುಡಿಯುತ್ತಿದ್ದರು, ಒಳಗೆ ದುರಗವ್ವ ಕಸ ಗುಡಿಸುತ್ತಿದ್ದಳು. ಕಸಬರಿಗೆ ಹಿಡಿದವರನ್ನು ರಾಹು ಲೆಕ್ಕಕ್ಕಿಡುವುದಿಲ್ಲವಂತೆ.

ಅವಳ ಕೇರಿಯ ನಳಕ್ಕೆ ಹನ್ನೊಂದು ದಿನದಿಂದ ನೀರಿರಲಿಲ್ಲ. ಮನೆಯಲ್ಲಿ ಬಾಣಂತಿ ಮಗಳು. “ರೇಡಿಯೋದಾಗ ಒಂದ್ ಮಾತ್ ಹೇಳ್ರಿ ಸರ” ಎಂದು ಬೇಡಿದ್ದಕ್ಕೆ ಮಾಸ್ತರರು, “ನೀರು ರಾಜಕಾರಣ ಆತವಾ. ನಾವು ಸಂಸ್ಕೃತಿ ಮಾತಾಡೋ ಮಂದಿ” ಅಂದಿದ್ದರು.

ಸೋಮವಾರ ಏಳೂವರೆಗೆ ರಾಹು ಪ್ರವೇಶಿಸಿದ, ಮಾಸ್ತರರು ನಿರ್ಗಮಿಸಿದರು. ಆರು ವರ್ಷ ಗುಡಿಸುತ್ತ ಗುಡಿಸುತ್ತ ನೋಡಿಟ್ಟುಕೊಂಡಿದ್ದ ಮೈಕಿನ ಕೆಂಪು ಗುಂಡಿಯನ್ನು ಧೂಳಿಧೂಸರಿತಹಸ್ತೆ, ಸಮ್ಮಾರ್ಜನೀಗದಾಧರೆ ದುರಗವ್ವ ಒತ್ತಿದಳು.

“ಏ ನೀರು ಬಿಡೋ ಫಕೀರಪ್ಪಾ! ಚಹಾದಂಗಡ್ಯಾಗ ಕುಂತು ಕೇಳಾಕತ್ತೀದಿ, ಗೊತ್ತೈತಿ. ನಮ್ಮ ಕೇರಿ ವಾಲ್ವಿನ ಕೀಲಿ ನಿನ್ನ ಕಿಸೇದಾಗೈತಿ. ಬಾಣಂತಿ ಮೈ ತೊಳೀಲಾರದ ನಾಕ್ ದಿನ ಆತು. ನೀರು ಬಿಡೋಮಟ ನಿನ್ನ ಹೆಸರು ಬಿಡಂಗಿಲ್ಲ ನಾ!”

ಹೊಸ್ತಿಲಾಚೆ ಮಾಸ್ತರರು ಪ್ರಳಯಮೇಘದಂತೆ ಗುಡುಗಿದರು: “ಎಲೆ ದುರಗೀ! ಜೀನ್ಸಿನ ಪಡೆಯನ್ನು ಅಟ್ಟಿದವನು ನಾನು! ಪಾರ್ಕಿನ ಜೋಡಿಗಳ ಹೆಸರು ಓದಿ ಊರು ಬಿಡಿಸಿದವನು ನಾನು! ನಾನು ಕೆಮ್ಮಿದರೆ ಪುರಸಭೆ ನಡುಗುತ್ತದೆ!”

“ಹಂಗಾದ್ರ ಹನ್ನೊಂದ್ ದಿನದಾಗ ಒಮ್ಮೆ ಕೆಮ್ಮಬೇಕಿತ್ತಲ್ರಿ ಸರ!” ಉತ್ತರ ಐದು ಮೈಲಿಗೂ ಕೇಳಿಸಿತು.

“ಗದಿಗೆಪ್ಪಾ, ಬಂದ್ ಮಾಡೋ!”

ಯಂತ್ರಪಾಲ ಗದಿಗೆಪ್ಪ ಚಹಾ ಹೀರಿದ. “ಗುಂಡಿ ಮುಟ್ಟಬಾರದಲ್ರೀ ಸರ. ರಾಹು ಇನ್ನೂ ಎಂಬತ್ತು ಮಿನಿಟ್ ಅದಾನ್ರಿ.”

“ಮೇನ್ ಸ್ವಿಚ್ಚು?”

“ಅದೂ ಗುಂಡೀನ ಆತಲ್ರಿ.”

ಮಾಸ್ತರರು ಬಲಗಾಲನ್ನು ಹೊಸ್ತಿಲ ಮೇಲೆತ್ತಿದರು, ಗಡಿಯಾರ ನೋಡಿದರು, ಇಳಿಸಿದರು. ಹೀಗೆ ಏಳು ಬಾರಿ.

“ಗದಿಗೆಪ್ಪಾ, ನಿನ್ನ ಕೆಲಸ ತಗೀತೇನಿ ನೋಡು!”

“ತಗೀರಿ ಸರ, ಒಂಬತ್ತರ ಮ್ಯಾಲೆ ತಗೀರಿ. ಈಗ ಟೈಮ್ ಚಲೋ ಇಲ್ಲ.”

ಎಂಟೂಕಾಲಿಗೆ ಮಗಳ ಫೋನು ಬಂತು: “ಎವ್ವಾ, ನಳ ಬಂತು, ಲಗೂನ ಬಾ!” ದುರಗವ್ವ ಮೈಕನ್ನು ಅಲ್ಲೇ ಬಿಟ್ಟು, ಮಾಸ್ತರರ ಬಗಲಿಂದಲೇ ಓಡಿದಳು. ಒಂಬತ್ತಕ್ಕೆ ಸರಿಯಾಗಿ ಮಾಸ್ತರರು ಸಿಂಹನಾದಗೈದು ಬರಿದಾದ ರಣರಂಗಕ್ಕೆ ನುಗ್ಗಿದರು. ಕೂಡಲೇ ಶ್ರೋತೃವೊಬ್ಬನ ಕರೆ ಬಂತು: “ಸರ, ಆ ಅಕ್ಕನ ಕೊಡ್ರಿ. ನಮ್ಮ ಓಣ್ಯಾಗ ಗಟಾರ ತುಂಬೇತಿ.”

ಅತ್ತ ಕೇರಿಯಲ್ಲಿ, ದಿಗ್ದಿಗಂತಗಳನ್ನು ಮೊಳಗಿಸಿದ ಆ ಮಹಾಸಂಗ್ರಾಮದ ಸಮಸ್ತ ವಿಜಯಫಲ: ಆರೂವರೆ ಕೊಡ ನೀರು. ಮೊದಲಿನೆರಡು ರಾಡಿ.