ಮಾವನವರು ಕೂತರೆ ಅಬ್ಬರಿಸುವ ಗಾಡಿ

ಶಾಮನೂರಿನ ರೇವಣ್ಣನಿಗೆ ಕನಸು ಕಾಣಲು ಕಣ್ಣು ಮುಚ್ಚಬೇಕೆಂಬ ನಿಯಮವೇನೂ ಇರಲಿಲ್ಲ. ನೇಗಿಲ ಹಿಂದೆ ನಡೆಯುತ್ತಲೂ ಕಾಣುತ್ತಿದ್ದ, ರೊಟ್ಟಿ ಮುರಿಯುತ್ತಲೂ ಕಾಣುತ್ತಿದ್ದ. (ಆ ಹೊತ್ತಿನಲ್ಲಿ ಹೆಂಡತಿ ಹಂಪವ್ವ ತಟ್ಟೆಗೆ ಏನು ಬಡಿಸಿದರೂ ನಡೆಯುತ್ತಿತ್ತು. ಆ ಮನೆಯಲ್ಲಿ ಹಿಂದಿನ ದಿನದ ಪಲ್ಯ ಹಾಳಾದದ್ದೇ ಇಲ್ಲ.) ಬರೀ ಕನಸು ಕಂಡಷ್ಟು ಕಾಲ ಯಾರಿಗೂ ತೊಂದರೆ ಇರಲಿಲ್ಲ. ಒಂದು ದಿನ ಈ ಮಹಾನುಭಾವ ಹರಿಹರಕ್ಕೆ ಹೋಗಿ ಒಂದು ಕನಸನ್ನು ಎತ್ತಿನ ಬಂಡಿಯಲ್ಲಿ ಹೇರಿಕೊಂಡೇ ಬಂದುಬಿಟ್ಟ.

ಅದು ಮೇಲೆ ಕೂತು ಓಡಿಸುತ್ತ ಹುಲ್ಲು ಕತ್ತರಿಸುವ ಪುಟಾಣಿ ಟ್ರ್ಯಾಕ್ಟರು. ಹರಿಹರದ ಕಾರ್ಖಾನೆಯೊಂದಕ್ಕೆ ಯಂತ್ರ ಕೂರಿಸಲು ಬಂದಿದ್ದ ವಿಲಾಯಿತಿ ಎಂಜಿನಿಯರು ತನ್ನ ಬಂಗಲೆಯ ಹುಲ್ಲುಹಾಸಿಗೆಂದು ತರಿಸಿದ್ದು. ಆತ ತನ್ನ ದೇಶಕ್ಕೆ ಹೊರಡುವಾಗ ಅದನ್ನು ಅಡುಗೆಯ ಮಾಳಿಂಗಪ್ಪನಿಗೆ ಕೊಟ್ಟು ಹೋಗಿದ್ದ. ಮಾಳಿಂಗಪ್ಪನಿಗೆ ಹುಲ್ಲುಹಾಸು ಇರಲಿಲ್ಲ, ಹಾಲು ಬೇಕಿತ್ತು. ರೇವಣ್ಣನ ಕೊಟ್ಟಿಗೆಯಲ್ಲಿ ಹಂಪವ್ವ ತವರಿನಿಂದ ತಂದ ಎಮ್ಮೆ ಇತ್ತು. ವ್ಯಾಪಾರ ಕುದುರಿತು, ಎಮ್ಮೆ ಹೋಯಿತು, ಗಾಡಿ ಬಂತು.

"ಹುಲ್ಲು ತಿನ್ನೋದನ್ನ ಕೊಟ್ಟು ಹುಲ್ಲು ಕೊಯ್ಯೋದನ್ನ ತಂದೀರಲ್ರೀ!" ಎಂದಳು ಹಂಪವ್ವ. "ಕೊಯ್ದ ಹುಲ್ಲು ಯಾರು ತಿನ್ಬೇಕು? ನೀವಾ?"

"ಸ್ವಲ್ಪ ಸಮಾಧಾನ ತಗಾ. ಇದ್ರ ಹಿಂದೆ ಒಂದು ಸಣ್ಣ ಬಂಡಿ ಕಟ್ತೀನಿ. ನೀನು ರೇಷ್ಮೆ ಸೀರೆ ಉಟ್ಕಂಡು ಅದ್ರಾಗೆ ಕುಂತಿರ್ತೀಯ. ಹಂಗೇ ತೇಲಿಕೆಂತ ಪ್ಯಾಟೆಯ ಪಿ.ಜೆ. ಬಡಾವಣೆಯಾಗೆ ಹೋಗ್ತಿದ್ರೆ, ಡಾಕ್ಟ್ರು, ವಕೀಲ್ರು ಎಲ್ಲಾ ಕಿಟಕಿ ತೆಗೆದು ನೋಡಿ..."

"ಚಾಕ್ಕೆ ಹಾಲು ಎಲ್ಲೈತ್ರೀ?"

ರೇವಣ್ಣ ಖಾಲಿ ಕೊಟ್ಟಿಗೆಯತ್ತ ನೋಡಿದ. ಹಂಪವ್ವ ಮಧ್ಯಾಹ್ನದ ಬಸ್ಸಿಗೆ ತವರೂರು ಸಾರಥಿಗೆ ಹೊರಟೇಹೋದಳು. ಅವಳ ಹಿಂದೆಯೇ ಮಾವ ಕೆಂಚವೀರಪ್ಪನವರ ಫರ್ಮಾನು ಬಂತು: "ಸೋಮವಾರ ಮಗಳನ್ನ ಕರ್ಕಂಡು ಬರ್ತೀನಿ. ಆ ಗಾಡಿ ಮೇಲೆ ಕುಂತು ನೋಡ್ತೀನಿ. ಮರ್ಯಾದಸ್ತರು ಇಟ್ಕಳೋ ವಸ್ತು ಅನ್ನಿಸಿದ್ರೆ ಮಗಳನ್ನ ಬಿಟ್ಟು ಹೋಗ್ತೀನಿ. ಇಲ್ಲಾಂದ್ರೆ ಬಂದ ಬಂಡಿಯಾಗೇ ವಾಪಸ್ ಕರ್ಕಂಡು ಹೋಗ್ತೀನಿ."

ಹಂಪವ್ವ ಇಲ್ಲದ ಮನೆಯಲ್ಲಿ ರೇವಣ್ಣನಿಗೆ ಕನಸು ಕೂಡ ರುಚಿಸುತ್ತಿರಲಿಲ್ಲ. ಬೈದು ಎಬ್ಬಿಸುವವರು ಒಬ್ಬರಾದರೂ ಇದ್ದರೆ ತಾನೆ ಕನಸಿಗೊಂದು ಕಳೆ? ಹೆಂಡತಿಯೂ ಬೇಕು, ಗಾಡಿಯೂ ಬೇಕು, ಎರಡೂ ಈಗ ಮಾವನವರು ಕೂತು ಏಳುವುದರ ಮೇಲೆ ನಿಂತಿದ್ದವು.

ಭಾನುವಾರ ಸಂಜೆ ಗಾಡಿಯನ್ನು ಕಣಕ್ಕೆ ಇಳಿಸಿ ಓಡಿಸಿ ನೋಡಿದ. ಸೀಟಿನ ಬೆನ್ನಿಗೇ ಎಂಜಿನ್ನು, ಅದರ ನೆತ್ತಿಯ ಮೇಲೊಂದು ಜರಡಿಯಂಥ ಮುಚ್ಚಳ. ಗುಡುಗುಡು ಎಂದು ಹಿತವಾಗಿ ಗೊಣಗುತ್ತ ಸಾಗಿತು. ಕೊಯ್ದ ಹುಲ್ಲಿನ ಹಸಿ ವಾಸನೆ ಎದ್ದಿತು, ಜೋಳದ ಹೊಲದ ಮೇಲೆ ಬಿಸಿಲು ಮೆತ್ತಗೆ ಜಾರುತ್ತಿತ್ತು. ಹಿಂದೆ ಬಂಡಿಯಲ್ಲಿ ಹಂಪವ್ವ ಕೂತಂತೆ, ಸೆರಗು ಗಾಳಿಗೆ ಹಾರಿದಂತೆ, ತುಂಗಭದ್ರೆಯ ಸೇತುವೆ ತಾನಾಗಿ ಅವರತ್ತ ನಡೆದು ಬಂದಂತೆ ಅವನಿಗೆ ಕಂಡಿತು. ಗಾಡಿ ಹುಲ್ಲಿನ ಬಣವೆಗೆ ಹೋಗಿ ಮೂಗು ತೂರಿಸಿದಾಗಲೇ ಇಹಲೋಕದ ನೆನಪಾದದ್ದು.

ಸೋಮವಾರ ಕೆಂಚವೀರಪ್ಪನವರು ದಯಮಾಡಿಸಿದರು. ರುಮಾಲು, ಮೀಸೆ, ಹಿಂದೆ ಮುಖ ಊದಿಸಿಕೊಂಡ ಹಂಪವ್ವ. ಎಂಜಿನ್ನು ಆಗಲೇ ಗುಡುಗುಡು ಎನ್ನುತ್ತಿತ್ತು. ಮಾವನವರು ಇನ್ನೇನು ಕೂರಬೇಕು, ರೇವಣ್ಣನ ತಾಯಿ ಕೊಟ್ರವ್ವ ಒಳಗಿನಿಂದ ಓಡಿ ಬಂದಳು.

"ತಡೀರಿ ಬೀಗ್ರೇ! ಬರೇ ತಗಡಿನ ಮ್ಯಾಲೆ ಕೂಡ್ರಿಸಿದ್ರೆ ಜನ ಏನಂದಾರು?" ಎಂದು ಮಡಿಸಿದ ಕರಿ ಕಂಬಳಿ ತಂದು ಸೀಟಿಗೆ ಹಾಸಿ, ಬೆನ್ನಿಗೆ ಒತ್ತದಿರಲೆಂದು ಹಿಂದಕ್ಕೂ ಉದ್ದಕ್ಕೆ ಇಳಿಬಿಟ್ಟಳು. ಹಿರಿಯರಿಗೆ ಕಂಬಳಿ ಹಾಸದೆ ಕೂರಿಸುವ ಮನೆ ಆ ಸೀಮೆಯಲ್ಲೇ ಇರಲಿಲ್ಲ.

ಮಾವನವರು ಕೂತರು. ಎಂಜಿನ್ನು ಭರ್ರೋ ಎಂದು ಅಬ್ಬರಿಸಿತು. ಗಾಡಿ ನಿಂತಲ್ಲೇ ಗಡಗಡ ನಡುಗಿತು, ರುಮಾಲು ಜಾರಿತು, ಕೋಳಿಗಳು ಮಾಡು ಹತ್ತಿದವು. ಕೆಂಚವೀರಪ್ಪನವರು ವಯಸ್ಸಿಗೆ ಮೀರಿದ ಚುರುಕಿನಿಂದ ನೆಗೆದು ಇಳಿದರು. ಹಿರಿಯರು ಕೂತ ಕಂಬಳಿ ಧೂಳು ಹಿಡಿಯಬಾರದೆಂದು ಕೊಟ್ರವ್ವ ಅದನ್ನೆತ್ತಿ ತೋಳಿನ ಮೇಲೆ ಹಾಕಿಕೊಂಡಳು. ಎಂಜಿನ್ನು ಮತ್ತೆ ಗುಡುಗುಡು.

ರೇವಣ್ಣ ಕೂತ, ಗುಡುಗುಡು. ಕಂಬಳಿ ಹಾಸಿ ಮಾವನವರನ್ನು ಕೂರಿಸಿದರು, ಭರ್ರೋ!

ಪಕ್ಕದ ಮನೆಯ ಅಂಜಿನಪ್ಪ ಬಂದು ತಜ್ಞರಂತೆ ಎಂಜಿನ್ನಿನ ಸುತ್ತ ತಿರುಗಿದ. ಎಂಜಿನ್ನು ನಿಲ್ಲಿಸಿ ಪೆಟ್ರೋಲಿನ ಕೊಳವೆಗೆ ಬಾಯಿಟ್ಟು ಊದಿದ, ಪ್ಲಗ್ ಬಿಚ್ಚಿ ಒರೆಸಿ ಹಾಕಿ ಮತ್ತೆ ಚಾಲು ಮಾಡಿದ. "ಭಾರದ್ದೇ ದೋಷ ಕಣಪ್ಪಾ" ಎಂದ. ಅಂಜಿನಪ್ಪ ಮಾವನವರಿಗಿಂತ ಭಾರದ ಆಸಾಮಿ. ಅವನೇ ಕೂತ (ಅಂಜಿನಪ್ಪನಿಗೆ ಯಾರು ಕಂಬಳಿ ಹಾಸುತ್ತಾರೆ?), ಗಾಡಿ ಸುಮ್ಮನೆ ಗೊಣಗಿತು. ಅಷ್ಟರಲ್ಲಿ ಊರ ಹಿರಿಯರಾದ ಮುರುಗೇಶಪ್ಪನವರು ಆ ದಾರಿಯಾಗಿ ಬಂದರು. "ಬರ್ರಿ, ಕೂಡ್ರಿ" ಎಂದು ಕೊಟ್ರವ್ವ ಮತ್ತೆ ಕಂಬಳಿ ಹಾಸಿದಳು. ಭರ್ರೋ! ಮುರುಗೇಶಪ್ಪನವರು ಇಳಿದವರೇ ನೆಟ್ಟಗೆ ಮನೆಗೆ ಹೋದರು.

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಹಂಪವ್ವ ಇದೆಲ್ಲವನ್ನೂ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ಬಾಯಿ ಮಾತ್ರ ಬಿಡಲಿಲ್ಲ.

"ನಡೀ ಹಂಪವ್ವ, ಬಂಡಿ ಹತ್ತು" ಎಂದರು ಕೆಂಚವೀರಪ್ಪನವರು. "ಮನುಷ್ಯರನ್ನ ಎಗರಿಸೋ ವಸ್ತು ಮರ್ಯಾದಸ್ತರಿಗೆ ಬ್ಯಾಡ."

ಹಂಪವ್ವ ಹೊರಟೇಬಿಡುತ್ತಾಳೆ ಎನ್ನುವಾಗ ರೇವಣ್ಣನಿಗೆ ಜ್ಞಾನೋದಯವಾಯಿತು. ಮಾವನವರ ಮುಂದೆ ಕೈಮುಗಿದು ನಿಂತ.

"ಮಾವಾರೇ, ನಿಮಗಿನ್ನೂ ತಿಳೀಲಿಲ್ಲೇನ್ರಿ? ನಾನು ಕುಂತ್ರೆ ಸುಮ್ನಿರ್ತೈತೆ. ಅಂಜಿನಪ್ಪ ಕುಂತ್ರೂ ಸುಮ್ನಿರ್ತೈತೆ. ಯಾಕ? ನಾವು ಸಣ್ಣೋರು. ನಿಮ್ಮಂಥ ದೊಡ್ಡ ಮನುಷ್ಯರು ಕುಂತ್ರೆ ಅದಕ್ಕೆ ಸಂತೋಷ ತಡೆಯಕ್ಕಾಗಲ್ಲ! ಸಾಹೇಬರ ಮನೆಯಾಗೆ ಬೆಳೆದದ್ದು ನೋಡ್ರಿ, ಯಾರ ಯೋಗ್ಯತೆ ಏನು ಅಂತ ಗೊತ್ತೈತೆ ಅದಕ್ಕೆ."

ಕೆಂಚವೀರಪ್ಪನವರ ಮೀಸೆ ನಿಧಾನವಾಗಿ ಮೇಲೇರಿತು. ರುಮಾಲು ಸರಿಮಾಡಿಕೊಂಡು, ಕಂಬಳಿ ಹಾಸಿಸಿಕೊಂಡು, ಮತ್ತೆ ಕೂತರು. ಭರ್ರೋ! ಈ ಸಲ ಇಳಿಯಲಿಲ್ಲ. ಮೈಯೆಲ್ಲ ನಡುಗುತ್ತಿದ್ದರೂ ಪಟ್ಟಕ್ಕೆ ಕೂತವರ ಗತ್ತಿನಲ್ಲಿ ಕಣ್ಣು ಮುಚ್ಚಿ ಆ ಜಯಘೋಷವನ್ನು ಸವಿದರು.

ರೇವಣ್ಣ ಸ್ವರ್ಗದಲ್ಲಿದ್ದ. ಹೆಂಡತಿ ಉಳಿದಳು, ಗಾಡಿ ಉಳಿಯಿತು, ಸೇತುವೆ ಮತ್ತೆ ಅವನತ್ತ ನಡೆದು ಬರತೊಡಗಿತು. ಅದು ಅರ್ಧ ದಾರಿಗೆ ಬಂದಿರುವಾಗ ಮಾವನವರ ಧ್ವನಿ ಕೇಳಿಸಿತು.

"ಅಳಿಯಂದ್ರೇ, ಹಂಪವ್ವ ಇಲ್ಲೇ ಇರ್ತಾಳೆ. ಗಾಡೀನ ನನ್ನ ಬಂಡಿಗೆ ಹೇರಿಸ್ರಿ."

"ಯಾಕ ಮಾವಾರೇ?"

"ನೀವೇ ಅಂದ್ರಲ್ಲ. ಸಣ್ಣೋರ ಕೈಯಾಗೆ ಅದು ಯಾಕ ಸುಮ್ನೆ ಗೊಣಗ್ತಾ ಬಿದ್ದಿರಬೇಕು ಪಾಪ? ಸಾರಥಿಯಾಗೆ ನಮ್ಮ ಅಂಗಳದಾಗೆ ಸಂತೋಷವಾಗಿ ಇರ್ತೈತೆ. ಬದಲಿಗೆ ನಾಳೆ ಒಂದು ಕರಾವಿನ ಎಮ್ಮೆ ಕಳಿಸ್ತೀನಿ."

ತನ್ನ ಮಾತನ್ನು ತಾನೇ ನುಂಗುವುದು ಹೇಗೆಂದು ರೇವಣ್ಣ ಯೋಚಿಸುತ್ತಿರುವಾಗಲೇ ಅಂಜಿನಪ್ಪ ಗಾಡಿಗೆ ಹೆಗಲು ಕೊಟ್ಟಾಗಿತ್ತು. ಎತ್ತಿನ ಬಂಡಿಯ ಮೇಲೆ ಟ್ರ್ಯಾಕ್ಟರು, ಟ್ರ್ಯಾಕ್ಟರಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಕೆಂಚವೀರಪ್ಪನವರು. ಮೆರವಣಿಗೆ ಹರಿಹರದ ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ರೇವಣ್ಣ ನೋಡುತ್ತಲೇ ನಿಂತ.

"ಯಾವ ದೋಷ ಇತ್ತೋ ಏನೋ ಆ ಎಂಜಿನ್ನಿಗೆ" ಎಂದು ನಿಟ್ಟುಸಿರುಬಿಟ್ಟ.

"ದೋಷ ಏನೂ ಇರಲಿಲ್ಲ ಬಿಡ್ರಿ" ಎಂದಳು ಹಂಪವ್ವ. "ಜರಡಿಯಿಂದ ಗಾಳಿ ಒಳಗೆ ಹೋಗಿ ಒಂದು ತಗಡಿನ ಎಲೆಗೆ ಬಡೀತೈತೆ. ಆ ಎಲೆ ಎಂಜಿನ್ನಿನ ವೇಗಾನ ಹಿಡಿದಿರ್ತೈತೆ. ಕಂಬಳಿ ಇಳಿಬಿದ್ದು ಜರಡಿ ಮುಚ್ಚಿದ್ರೆ ಗಾಳಿ ಇಲ್ಲ, ಎಲೆ ಸಡ್ಲ ಬಿಡ್ತೈತೆ, ಭರ್ರೋ ಅಂತೈತೆ. ಅತ್ತೆ ಕಂಬಳಿ ಎತ್ತಿದ್ರೆ ಸುಮ್ನಾಗ್ತೈತೆ. ಗಾಡಿ ಬಂದ ದಿನಾನೇ ಜರಡಿ ಸಂದಿಯಾಗೆ ಇಣುಕಿದ್ದೆ, ಎರಡ್ನೇ ಸಲಕ್ಕೇ ತಿಳೀತು."

ರೇವಣ್ಣ ಬಾಯಿ ತೆರೆದವನು ಮುಚ್ಚಲಿಲ್ಲ. "ಮತ್ತೆ ಆಗಲೇ ಯಾಕ ಹೇಳ್ಲಿಲ್ಲ ಮಾರಾಯ್ತಿ?"

"ಹೇಳಿದ್ರೆ ಗಾಡಿ ಇಲ್ಲೇ ಉಳೀತಿತ್ತಲ್ರೀ" ಎನ್ನುತ್ತ ಹಂಪವ್ವ ಸೂರಿನಲ್ಲಿ ಸಿಕ್ಕಿಸಿದ್ದ ಕುಡುಗೋಲು ತೆಗೆದು ಅವನ ಕೈಗಿಟ್ಟಳು. "ಎಮ್ಮೆ ನಾಳೆ ಬೆಳಿಗ್ಗೇನೇ ಬರ್ತೈತೆ. ಕತ್ಲಾಗೋದ್ರೊಳಗೆ ಒಂದು ಹೊರೆ ಹುಲ್ಲು ಕೊಯ್ಕಂಡು ಬರ್ರಿ."