ಸ್ತೋತ್ರಗಳ ಅರ್ಥ ಬರೆಯುವವಳ ಸಿಟ್ಟು

ದೇವರ ವಿಷಯ ಬರೆಯುವವರಿಗೆ ಸಿಟ್ಟು ಬರುವುದಿಲ್ಲ ಎಂದು ಜನ ಅದ್ಹೇಗೆ ನಂಬಿದ್ದಾರೋ ತಿಳಿಯದು. ನನಗಂತೂ ಬರೆಯತೊಡಗಿದ ಮೇಲೆಯೇ ಅದು ಹೆಚ್ಚಾಯಿತು. ಹೋದ ಊರಲ್ಲೆಲ್ಲ ಸಿಟ್ಟು ಬರಿಸುವವರು ಯಾರಾದರೂ ಸಿಕ್ಕೇ ಸಿಗುತ್ತಿದ್ದರು.

ನಾವು ಧಾರವಾಡದ ಕಡೆಯವರು. ಯಜಮಾನರದು ರೈಲ್ವೆ ನೌಕರಿ; ವರ್ಗವಾದಲ್ಲಿ ನಮ್ಮ ಸಂಸಾರ. ಗುಜರಾತಿಗೆ ಬಂದಾಗ ಬ್ಲಾಗ್ ಎನ್ನುವ ಮಾತು ಆಗಷ್ಟೇ ಕಿವಿಗೆ ಬೀಳುತ್ತಿತ್ತು. ನಮ್ಮ ಅವ್ವ ಜೀವನಪೂರ್ತಿ ಮುಂಜಾನೆ ಎದ್ದು ಸಂಸ್ಕೃತ ಸ್ತೋತ್ರ ಹೇಳಿದವಳು, ಒಂದು ಶಬ್ದದ ಅರ್ಥವೂ ತಿಳಿಯದೆ. ಒಮ್ಮೆ ಪುರೋಹಿತರನ್ನು ಕೇಳಿದಳು. "ಹೆಣ್ಣಮಕ್ಕಳಿಗೆ ಅರ್ಥ ಯಾಕ ಬೇಕವ್ವಾ? ಹೇಳಿದ್ರ ಸಾಕು, ಪುಣ್ಯ ಬರ್ತದ" ಅಂದರು. ಅವ್ವ ಸುಮ್ಮನಾದಳು. ನಾನು ಆಗಲಿಲ್ಲ. ಸಂಸ್ಕೃತ ಕಲಿತೆ, ಒಂದೊಂದೇ ಸ್ತೋತ್ರದ ಅರ್ಥವನ್ನು ಸಾದಾ ಕನ್ನಡದಲ್ಲಿ ಬ್ಲಾಗಿಗೆ ಹಾಕತೊಡಗಿದೆ. ಹಾಗೆ ನೋಡಿದರೆ ನನ್ನ ಬರವಣಿಗೆಯ ಬುಡದಲ್ಲೇ ಸಿಟ್ಟಿದೆ.

ಕೆಫೆಯ ವೈರಸ್

ವಡೋದರಾದಲ್ಲಿ ನಮ್ಮ ಮನೆ ಗೋರ್ವಾದಲ್ಲಿತ್ತು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಕಾರಣ ಮಧ್ಯಾಹ್ನ ಎದುರಿನ ಸೈಬರ್ ಕೆಫೆಗೆ ಹೋಗಿ, ಮೂಲೆಯ ಕಂಪ್ಯೂಟರಿಗೆ ಕನ್ನಡ ಫಾಂಟ್ ಹಾಕಿಕೊಂಡು ಬರೆಯುತ್ತಿದ್ದೆ. ಮರುದಿನ ಹೋದರೆ ಫಾಂಟ್ ಮಾಯ. ಬರೆದದ್ದೆಲ್ಲ ಸಾಲು ಸಾಲು ಡಬ್ಬಿ. ಮತ್ತೆ ಹಾಕಿದೆ. ಮತ್ತೆ ಮಾಯ. ದೇವಿಯ ವರ್ಣನೆ ಬರೆಯುತ್ತ ಕೂತವಳು ಹಲ್ಲು ಕಡಿಯುತ್ತ ಎದ್ದು ಮಾಲೀಕನ ಮೇಜಿನ ಮುಂದೆ ನಿಂತೆ. ಜಗಳ ಹಿಂದಿಯಲ್ಲಿ ನಡೆಯಿತು, ನಡುನಡುವೆ ಅವನ ಗುಜರಾತಿ 'ಬೆನ್', ಅಂದರೆ ಅಕ್ಕಾ.

"ಬೆನ್, ಆ ಕಂಪ್ಯೂಟರಿಗೆ ಯಾವುದೋ ವೈರಸ್ ಹೊಕ್ಕಿದೆ. ದಿನಾ ನಾನೇ ಕೂತು ತೆಗೆಯುತ್ತೇನೆ" ಎಂದ, ನಾನು ಉಪಕಾರ ನೆನೆಯಬೇಕು ಎನ್ನುವ ಧಾಟಿಯಲ್ಲಿ.

"ಅದು ವೈರಸ್ ಅಲ್ಲ, ನನ್ನ ಭಾಷೆ. ಕನ್ನಡ."

ಅವನು ನನ್ನನ್ನು ಕನಿಕರದಿಂದ ನೋಡಿದ. "ಬೆನ್, ನನ್ನ ಭಾವ ಕೆನಡಾದಲ್ಲೇ ಇದ್ದಾನೆ. ಅಲ್ಲಿ ಇಂಗ್ಲಿಷ್ ಬರೆಯುತ್ತಾರೆ."

ಬೈಗುಳದ ಮಹಿಮೆ

ಮುಂದೆ ಸೂರತ್ತಿನ ಉಧ್ನಾ. ಸುತ್ತ ಮಗ್ಗಗಳ ಸದ್ದು. ನನ್ನ ಬ್ಲಾಗಿಗೆ ಆ ಹೊತ್ತಿಗೆ ಓದುಗರೂ ಹುಟ್ಟಿಕೊಂಡಿದ್ದರು. ಅವರಲ್ಲಿ ಒಬ್ಬ, ಹತ್ತಿರದ ಸಚಿನ್ ಎಂಬ ಊರಿನ ಕೈಗಾರಿಕಾ ಪ್ರದೇಶದ ಕೆಮಿಕಲ್ ಕಾರ್ಖಾನೆಯಲ್ಲಿದ್ದ ಮಂಡ್ಯ ಕಡೆಯ ಹುಡುಗ. ನಾನು ಏನೇ ಬರೆಯಲಿ, ಅವನ ಕಮೆಂಟ್ ಒಂದೇ: "ತುಂಬಾ ಚೆನ್ನಾಗಿದೆ ಅಮ್ಮ. ನನಗೆ ಮದುವೆ ಯಾವಾಗ ಆಗುತ್ತೆ?"

ನಾನು ಜ್ಯೋತಿಷಿಯಲ್ಲ ಎಂದು ಬಿಡಿಸಿ ಬರೆದೆ. "ಸರಿ ಅಮ್ಮ, ಅಂದಾಜು ಹೇಳಿ" ಎಂದು ಬಂತು. ಮೋಕ್ಷದ ಬಗ್ಗೆ ವಾರವಿಡೀ ತಲೆಕೆಡಿಸಿಕೊಂಡು ಬರೆದ ಲೇಖನದ ಕೆಳಗೂ ಅದೇ ಪ್ರಶ್ನೆ ನೋಡಿ ನನ್ನ ತಾಳ್ಮೆ ಹರಿಯಿತು. "ನನ್ನ ತಲೆ ಯಾಕೆ ತಿನ್ನುತ್ತೀಯ? ನಿನಗೆ ಅಪ್ಪ ಅಮ್ಮ ಇಲ್ಲವೇ? ಊರಿಗೆ ಹೋಗಿ ಅವರನ್ನು ಕೇಳು, ಹೋಗು" ಎಂದು ಎಲ್ಲರಿಗೂ ಕಾಣುವ ಹಾಗೆ ಬರೆದುಬಿಟ್ಟೆ. ಅವನ ಸದ್ದು ಅಡಗಿತು. ನನಗೂ ನೆಮ್ಮದಿಯಾಯಿತು.

ಕೆಲವು ತಿಂಗಳ ಮೇಲೆ ಅವನು ಸೂರತ್ತಿನ ಸಿಹಿ ಘಾರಿಯ ಪೊಟ್ಟಣ ಹಿಡಿದು, ಮನೆ ಹುಡುಕಿಕೊಂಡು ಬಂದು ಹೊಸ ಹೆಂಡತಿಯ ಜೊತೆ ಬಾಗಿಲಲ್ಲಿ ನಿಂತಿದ್ದ. ಹೇಳಿದ ಹಾಗೆ ಊರಿಗೆ ಹೋಗಿ ಕೇಳಿದನಂತೆ, ಅವರು ಹುಡುಗಿ ನೋಡಿಟ್ಟೇ ಇದ್ದರಂತೆ. "ನಿಮ್ಮ ಮಾತು ನಿಜ ಆಯ್ತು ಅಮ್ಮ" ಎಂದು ಇಬ್ಬರೂ ಕಾಲಿಗೆ ಬಿದ್ದರು. ಹಿಂದೆ ಮೆಟ್ಟಿಲ ಮೇಲೆ ಅವನ ರೂಮಿನ ಇನ್ನೊಬ್ಬ ಬ್ರಹ್ಮಚಾರಿ ಕೈಮುಗಿದುಕೊಂಡು ನಿಂತಿದ್ದ.

"ಏನಪ್ಪಾ?" ಎಂದೆ.

"ನನಗೂ ಒಂದ್ಸಲ ಹಾಗೇ ಬೈದುಬಿಡಿ ಅಮ್ಮ."

ನಾದಿನಿಯ ಕಾಳಜಿ

ಒಂದು ದಿನ ಹುಬ್ಬಳ್ಳಿಯ ನಾದಿನಿ ಒಂದು ಇ-ಮೇಲ್ ಕಳಿಸಿದಳು. ಸಿಟ್ಟನ್ನು ಗೆಲ್ಲುವುದು ಹೇಗೆ ಎಂಬ ಪ್ರವಚನ, ಕೆಳಗೆ ಯಾರೋ ಸ್ವಾಮಿಗಳ ಹೆಸರು. ಮೊದಲ ಸಾಲಿಗೇ ಗುರುತು ಹತ್ತಿತು. ನನ್ನದೇ ಲೇಖನ. ಅಲ್ಪವಿರಾಮ, ಪೂರ್ಣವಿರಾಮ ಕೂಡ ನನ್ನವೇ. ಒಂದು ಕಡೆ ನಾನು ಮಾಡಿದ್ದ ಕಾಗುಣಿತದ ತಪ್ಪನ್ನೂ ಸ್ವಾಮಿಗಳು ಹಾಗೇ ಸ್ವೀಕರಿಸಿದ್ದರು.

ತಕ್ಷಣ ಫೋನ್ ಮಾಡಿದೆ. "ಇದು ನಾ ಬರದದ್ದು. ಕದ್ದಾರ."

"ಅಯ್ಯ ವೈನಿ, ಕೆಳಗ ಸ್ವಾಮಿಗಳ ಹೆಸರು ಐತಲ್ರಿ."

"ಅದಕ್ಕ ಹೇಳ್ಲಿಕ್ಕತ್ತೀನಿ ಕದ್ದಾರಂತ. ಸಾಲು ಸಾಲು ನನ್ನದು. ನಾ ಸುಮ್ಮನ ಬಿಡಂಗಿಲ್ಲ."

ನನ್ನ ದನಿ ಏರಿತ್ತು, ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ನಾದಿನಿ ಮಾತ್ರ ಬಹಳ ಮೆತ್ತಗೆ ಹೇಳಿದಳು: "ನೋಡ್ರಿ, ಮತ್ತ ಸಿಟ್ಟಿಗೆದ್ರಿ. ಮೊದಲ ಅದನ್ನ ಪೂರ್ತಿ ಓದ್ರಿ ವೈನಿ, ಭಾಳ ಅನುಕೂಲ ಆಗ್ತದ."

ಪುಸ್ತಕ ಬಿಡುಗಡೆ

ಆ ಕಳವಿನಿಂದಲೇ ಪುಸ್ತಕ ಮಾಡುವ ಹಟ ಬಂತು. ನನ್ನ ಹೆಸರು ಯಾರೂ ಅಳಿಸಲಾರದ ಹಾಗೆ ಮುಖಪುಟದ ಮೇಲೆ ಅಚ್ಚಾಗಬೇಕು ಅನಿಸಿತು. ಅಹಮದಾಬಾದಿಗೆ ವರ್ಗವಾದ ಮೇಲೆ ಅದು ಕೈಗೂಡಿ, ಅಲ್ಲಿನ ಕನ್ನಡಿಗರು ಸೇರಿ ಒಂದು ಸಣ್ಣ ಸಭಾಂಗಣದಲ್ಲಿ ಬಿಡುಗಡೆ ಇಟ್ಟುಕೊಂಡರು. ಮುಖ್ಯ ಅತಿಥಿ, ನಮ್ಮ ಧಾರವಾಡ ಕಡೆಯವರೇ ಆದ ನಿವೃತ್ತ ಬ್ಯಾಂಕ್ ಅಧಿಕಾರಿ.

ಅವರು ಮೈಕಿನ ಮುಂದೆ ನಿಂತು ನನ್ನ ಯಜಮಾನರ ಕಡೆ ಕೈ ಮಾಡಿದರು. "ರೈಲ್ವೆ ನೌಕರಿ ಮಾಡಿಕೋತ ಇಂಥಾ ಗಹನವಾದ ಗ್ರಂಥ ಬರಿಯೂದು ಸಣ್ಣ ಮಾತಲ್ಲ. ಬರಿಯೂ ಮುಂದ ಹೊತ್ತೊತ್ತಿಗೆ ಚಹಾ ಮಾಡಿಕೊಟ್ಟ ಅವರ ಧರ್ಮಪತ್ನಿಯವರನ್ನೂ ನಾವು ಮರೀಬಾರದು." ಚಪ್ಪಾಳೆ. ಯಾರೋ ಶಾಲು ತಂದು ಯಜಮಾನರಿಗೆ ಹೊದಿಸಿಯೂ ಬಿಟ್ಟರು.

ನಾನು ಕುರ್ಚಿಯ ಹಿಡಿ ಕಿತ್ತು ಬರುವಷ್ಟು ಬಿಗಿಹಿಡಿದಿದ್ದೆ. ಯಜಮಾನರು ನನ್ನ ಮುಖ ನೋಡಿದವರೇ ಎದ್ದು ಹೋಗಿ ಮೈಕ್ ಹಿಡಿದರು.

"ಮಾಫ್ ಮಾಡ್ರಿ. ಪುಸ್ತಕ ಬರದಾಕಿ ನನ್ನ ಹೆಂಡತಿ. ಚಹಾ ಮಾಡಿಕೊಟ್ಟಾಂವ ನಾನು." ಶಾಲು ತೆಗೆದು ನನ್ನ ಹೆಗಲಿಗೆ ಹಾಕಿದರು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸತ್ಯ ಹೇಳುವ ಹುರುಪಿನಲ್ಲಿ ಇನ್ನೊಂದು ಮಾತು ಸೇರಿಸಿದರು: "ಖರೇ ಹೇಳಬೇಕಂದ್ರ, ಇದನ್ನ ನಾ ಇನ್ನೂ ಓದಿಲ್ಲ."

ಮುಖ್ಯ ಅತಿಥಿಗಳಿಗೆ ಅಯ್ಯೋ ಅನಿಸಿರಬೇಕು. ಹತ್ತಿರ ಬಂದು ಯಜಮಾನರ ಹೆಗಲು ತಟ್ಟಿ ಪಿಸುಗುಟ್ಟಿದರು. ಮೈಕ್ ಚಾಲೂ ಇತ್ತು.

"ಮನಸ್ಸಿಗೆ ಹಚ್ಕೋಬ್ಯಾಡ್ರಿ. ನಾನೂ ಓದಿಲ್ಲ."

ಜನ ಬಿದ್ದು ಬಿದ್ದು ನಕ್ಕರು. ನಾನು ಮೈಕ್ ಕಸಿದುಕೊಂಡು, "ಹಂಗಾದ್ರ ಇಬ್ಬರೂ ಕೂಡ್ರಿ" ಎಂದು ಪುಸ್ತಕ ತೆರೆದು ಮೊದಲ ಪುಟದಿಂದ ಓದಲು ಶುರು ಮಾಡಿದೆ. ಹಿಂದಿನಿಂದ ಬಿಸಿ ಪೂರಿಯ ವಾಸನೆ ಬರುತ್ತಿತ್ತು. ಏಳುವ ಧೈರ್ಯ ಒಬ್ಬರಿಗೂ ಬರಲಿಲ್ಲ.