ಮಾಮಾನ ಕಿವಿ, ನನ್ನ ಕೆಮ್ಮು

ಗಟ್ಟಿಮುಟ್ಟಾದ ಎಂಜಿನ್ನಿಗೆ ಕೆಮ್ಮು ಹಚ್ಚಿದ ಪಾಪಿ ನಾನು. ಅದೂ ಗಂಟಲಿನಿಂದ! ಆದರೆ ನನ್ನನ್ನು ಬೈಯುವ ಮೊದಲು ನಮ್ಮ ಸೋದರಮಾವನ ಕಿವಿಯ ಸಂಗತಿ ಕೇಳಿ.

ಬೇಡಕಿಹಾಳದಲ್ಲಿ ಎಮ್ಮೆಯ ಹೊಟ್ಟೆಗೆ ಕಿವಿಯಿಟ್ಟು ರೋಗ ಹೇಳುತ್ತಿದ್ದ ಮನುಷ್ಯ, ತೊಂಬತ್ತರ ದಶಕದಲ್ಲಿ ಹಳೆಯ ಡೀಸೆಲ್ ಕಾರು ಕೊಂಡ ಮೇಲೆ ಬಾನೆಟ್ಟಿಗೂ ಕಿವಿ ಇಡತೊಡಗಿದ. ಬರಬರುತ್ತ ಪಕ್ಕದ ಬೋರಗಾಂವದ ಟ್ರ್ಯಾಕ್ಟರುಗಳೂ ತಪಾಸಣೆಗೆ ಬಂದವು. ಆ ಕಿವಿ ತಪ್ಪಿದ್ದನ್ನು ಕಂಡವರಿಲ್ಲ.

ಕಾರಿನಲ್ಲೊಂದು ವಾಲ್ವ್ ಇತ್ತು. ಬಿಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮರಳಿ ಎಂಜಿನ್ನಿಗೇ ಕಳಿಸುವುದು ಅದರ ಕೆಲಸ.

“ತಾ ಬಿಟ್ಟ ಹೊಗಿ ತಾನ ಕುಡೀತೈತಿ. ಇದೇನ್ ಹೊಲಸ ಚಟ?” ಅಂದ ಮಾಮಾ.

ಅತ್ತೆ ಒಲೆಯ ಮುಂದಿನಿಂದಲೇ ಕೇಳಿದಳು: “ನೀವು ಬಿಟ್ಟ ಬೀಡಿ ಹೊಗಿ ನಾ ಕುಡ್ಯಾಕತ್ತಿಲ್ಲೇನ್ರಿ?”

ಮಸಿ ಕಟ್ಟಿದರೆ ಆ ವಾಲ್ವ್ ಸಿಕ್ಕಿಕೊಂಡು ಎಂಜಿನ್ ಕೆಮ್ಮುತ್ತದೆ. ಅದಕ್ಕೇ ಮಾಮಾ ಪ್ರತಿ ಅಮಾವಾಸ್ಯೆ ಅದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದ. ಬ್ರಷ್ಷು ನನ್ನದೆಂದು ಅವನ ಮನೆಯಲ್ಲೇ ಇದ್ದ ನನಗೆ ತಿಳಿದದ್ದು ಮೂರನೆಯ ಅಮಾವಾಸ್ಯೆಗೆ.

ಸೇಡು ಬೇಡವೇ? ಅಥಣಿಗೆ ಹೊರಟಾಗ ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡೇ ಗಂಟಲಲ್ಲಿ ಶುರು ಮಾಡಿದೆ: ಖೊಕ್... ಗುರ್ರ್... ಖೊಕ್. ಹೆಡ್‌ಮಾಸ್ತರು, ಬಸ್ ಕಂಡಕ್ಟರು, ಸ್ವತಃ ಅತ್ತೆ, ಎಲ್ಲರ ದನಿ ಮಾಡುವವನಿಗೆ ಎಂಜಿನ್ ಯಾವ ಲೆಕ್ಕ? ಮಾಮಾ ಇಳಿದು ಕಿವಿಯಿಟ್ಟರೆ ಗಾಡಿ ನಿರೋಗಿ, ಬಂದು ಕೂತರೆ ಮತ್ತೆ ರೋಗಿ. ದಾರಿಯಲ್ಲಿ ಮೂರು ಸಲ ವಾಲ್ವ್ ಬಿಚ್ಚಿದ.

ಮರುದಿನ ನಿಪ್ಪಾಣಿಯ ಮೇಸ್ತ್ರಿಯ ಬಳಿ ಒಯ್ದೆವು. ನಾನು ಕೆಮ್ಮಲಿಲ್ಲ.

“ಎಂಜಿನ್ ಬಂಗಾರದಂಗ ಐತ್ರಿ ಕಾಕಾ,” ಅಂದ ಮೇಸ್ತ್ರಿ. “ನಿಮ್ಮ ಕಿವೀಗೆ ವಯಸ್ಸಾಗೇತಿ.”

ಮಾಮಾ ಜಗಳ ತೆಗೆಯುತ್ತಾನೆಂದು ಕಾದೆ. ಅವನು ಕೈ ಒರೆಸಿಕೊಂಡು ಗಾಡಿ ಹತ್ತಿದ. ಆಗಲೇ ಹೇಳಬೇಕಿತ್ತು. ಊರವರ ದನಿಯೆಲ್ಲ ಬರುವವನಿಗೆ ಅಂದು ತನ್ನ ದನಿಯೇ ಬರಲಿಲ್ಲ.

ಅಂದಿನಿಂದ ಟ್ರ್ಯಾಕ್ಟರು ಬಂದರೆ ಮಾಮಾನದು ಒಂದೇ ಮಾತು: “ನಿಪ್ಪಾಣಿಗೆ ಒಯ್ರಿ.” ಬಾನೆಟ್ಟಿಗೆ ಬಾಗುವುದೂ ನಿಂತಿತು. ನಾನು ನಾಳೆ ಹೇಳಿದರಾಯಿತು ಅನ್ನುತ್ತ ವರ್ಷ ಕಳೆದೆ.

ಒಂದು ದಿನ ಎಮ್ಮೆ ಮೇವು ಬಿಟ್ಟಿತು.

“ಒಮ್ಮೆ ಕಿವಿಗೊಟ್ಟು ನೋಡ್ರಿ,” ಅಂದಳು ಅತ್ತೆ.

“ಡಾಕ್ಟರನ್ನ ಕರಸು. ನನ್ನ ಕಿವಿ ನಂಬಿ ದನ ಕಳ್ಕೊಳ್ಳೂದು ಬ್ಯಾಡ.”

ತಡೆಯಲಾಗಲಿಲ್ಲ. ಗೋದಲಿಯ ಪಕ್ಕದಲ್ಲೇ ನಿಂತು ಕೆಮ್ಮಿದೆ: ಖೊಕ್... ಗುರ್ರ್... ಖೊಕ್.

“ಅವತ್ತು ಕೆಮ್ಮಿದ್ದು ನಾನ, ಮಾಮಾ.”

ಮಾಮಾ ಹೊಡೆಯಲಿಲ್ಲ. ಬಾಗಿ ಎಮ್ಮೆಯ ಹೊಟ್ಟೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದ. ಬಹಳ ಹೊತ್ತಿನ ಮೇಲೆ ಅತ್ತೆಗೆ, “ಗಾಳಿ ತುಂಬೇತಿ, ಓಂಕಾಳು ಕುದಸು,” ಅಂದ. ಆಮೇಲೆ ನನ್ನ ಕಡೆ ತಿರುಗಿದ.

“ಒಂದ ವರ್ಷ ನನ್ನ ಸುಮ್‌ಸುಮ್ನ ಕಿವುಡ ಮಾಡಿ ಇಟ್ಟಿಯಲ್ಲಲೇ.”